ಭಾವಯ್ಯನವರ ತುಂಬಿದ ಕೊಡಕ್ಕೆ ನನ್ನ ಉತ್ತರ

ಭಾವಯ್ಯನವರಿಗೂ ಗುಂಪಿನಲ್ಲಿರುವ ಎಲ್ಲರಿಗೂ ನಮಸ್ಕಾರ. ಇಷ್ಟು ಉದ್ದದ ವಿಷಯವನ್ನು ಟೈಪು ಮಾಡುತ್ತ ಕೂರಲು ನನ್ನಿಂದಾಗದು, ಆದ್ದರಿಂದ ಮಾತಿನಲ್ಲೇ ಕಳಿಸುತ್ತಿದ್ದೇನೆ. ಮೂವತ್ತು ವರ್ಷ ಕನ್ನಡ ಪಾಠ ಮಾಡಿದ ಬಾಯಿಗೆ ಫೋನಿನಲ್ಲೂ ತರಗತಿಯ ಭಾಷೆಯೇ ಬರುತ್ತದೆ, ನಗಬೇಡಿ. ಹಿಂದೆ ಕೇಳಿಸುತ್ತಿರುವುದು ನಮ್ಮ ಅಂಗಳದಲ್ಲಿ ಅಡಿಕೆ ಸುಲಿಯುತ್ತಿರುವವರ ಮಾತುಕತೆ.

ಬೆಳಿಗ್ಗೆ ನಮ್ಮ ಮನೆಯ ಓಟಗಾರ್ತಿ ಪುಟ್ಟಿ ನಾರ್ವೆಯ ಓಟಗಾರ ಯಾಕೋಬ್ ಇಂಗೆಬ್ರಿಗ್ಟ್ಸನ್‌ನ ವಿಡಿಯೊ ಹಾಕಿ, ತನಗೆ ಈತನೇ ಆದರ್ಶ ಎಂದು ಬರೆದಳು. ಗೆರೆ ಮುಟ್ಟುವ ಮೊದಲೇ ಜನರತ್ತ ಕೈಮಾಡುವ, ತನ್ನನ್ನು ತಾನೇ ಹೊಗಳಿಕೊಳ್ಳುವ ಹುಡುಗನಿಂದ ನಮ್ಮ ಮನೆಯ ಮಗಳು ಕಲಿಯುವುದು ಏನೂ ಇಲ್ಲ, ತುಂಬಿದ ಕೊಡ ತುಳುಕುವುದಿಲ್ಲ ಎಂದು ಭಾವಯ್ಯನವರು ಉತ್ತರಿಸಿದರು. ಗಾದೆಯನ್ನು ನಾನೂ ನೂರು ಸಲ ಹಲಗೆಯ ಮೇಲೆ ಬರೆದವಳೇ. ಆದರೆ ಈ ಕೊಡ ತುಂಬಿಯೂ ತುಳುಕುವ ಕೊಡ, ಅದೇ ಇಲ್ಲಿಯ ತೊಡಕು. 2018ರಲ್ಲಿ ಬರ್ಲಿನ್‌ನಲ್ಲಿ, ಇನ್ನೂ 17 ವರ್ಷದವನಾಗಿರುವಾಗಲೇ, ಯುರೋಪಿಯನ್ ಚಾಂಪಿಯನ್‌ಷಿಪ್‌ನ 1500 ಮತ್ತು 5000 ಮೀಟರ್ ಓಟಗಳೆರಡನ್ನೂ ಒಂದರ ಮರುದಿನ ಒಂದರಂತೆ ಗೆದ್ದವನು ಆತ. 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ಅದುವರೆಗೆ ಒಮ್ಮೆಯೂ ತನಗೆ ಸೋಲದಿದ್ದ ಕೀನ್ಯಾದ ತಿಮೋಥಿ ಚೆರುಯೋಟ್‌ನನ್ನು ಹಿಂದಿಕ್ಕಿ, 1500 ಮೀಟರನ್ನು 3 ನಿಮಿಷ 28.32 ಸೆಕೆಂಡುಗಳ ಒಲಿಂಪಿಕ್ ದಾಖಲೆಯೊಂದಿಗೆ ಗೆದ್ದ. ಡೇನಿಯಲ್ ಕೊಮೆನ್ 1996ರಲ್ಲಿ ಬರೆದಿದ್ದ 3000 ಮೀಟರ್ ವಿಶ್ವದಾಖಲೆಯನ್ನು 2024ರಲ್ಲಿ ಮೂರು ಸೆಕೆಂಡಿಗೂ ಹೆಚ್ಚಿನ ಅಂತರದಿಂದ ಮುರಿದವನೂ ಆತನೇ.

ಇನ್ನು ಪುಟ್ಟಿ ಹಾಕಿದ ವಿಡಿಯೊ, ಅಂದರೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 1500 ಮೀಟರ್ ಫೈನಲ್. ಭಾವಯ್ಯನವರು ಅದನ್ನು ಪೂರ್ತಿ ನೋಡಿದಂತಿಲ್ಲ, ಏಕೆಂದರೆ ಅದು ಆತ ಸೋತ ಓಟ. ಮುಂದೆ ಓಡುವವನೇ ಗಾಳಿಯನ್ನು ಸೀಳಬೇಕು, ಅವನ ಬೆನ್ನಿಗೆ ಅಂಟಿಕೊಂಡವರಿಗೆ ಅಷ್ಟು ಶಕ್ತಿ ಉಳಿತಾಯ. ಹೀಗಾಗಿ ದೊಡ್ಡ ಫೈನಲ್‌ಗಳಲ್ಲಿ ಬಹುಪಾಲು ಓಟಗಾರರು ಗುಂಪಿನೊಳಗೆ ಅಡಗಿದ್ದು ಕೊನೆಯ 200 ಮೀಟರಿಗೆ ಕಾಯುತ್ತಾರೆ. 2022ರಲ್ಲಿ ಜೇಕ್ ವೈಟ್‌ಮನ್, 2023ರಲ್ಲಿ ಜೋಶ್ ಕೆರ್, ಇಬ್ಬರೂ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕೊನೆಯ ಸುತ್ತಿನಲ್ಲೇ ಈತನನ್ನು ದಾಟಿ ಚಿನ್ನ ಗೆದ್ದಿದ್ದರು. ಅದು ಗೊತ್ತಿದ್ದೂ ಆತ ಪ್ಯಾರಿಸ್‌ನಲ್ಲಿ ಮೊದಲ ಸುತ್ತನ್ನು 55 ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸಿ, ಬೇಕಾದವರು ಹಿಂದೆ ಬನ್ನಿ ಎಂಬಂತೆ ಹೊರಟುಬಿಟ್ಟ. ಕೊನೆಯ ನೇರದಲ್ಲಿ ಒಳಬದಿಯ ಸಂದಿನಿಂದ ಅಮೆರಿಕದ ಕೋಲ್ ಹಾಕರ್ ನುಗ್ಗಿದ, ಹೊರಗಿನಿಂದ ಕೆರ್ ದಾಟಿದ, ಯಾರೆಡ್ ನುಗೂಸ್ ಕೂಡ ದಾಟಿದ. ನಾಲ್ಕನೆಯವನಾದ ಈತನಿಗೆ ಪದಕವೇ ಇಲ್ಲ. ನಾನು ಆ ವಿಡಿಯೊವನ್ನು ಮೂರು ಸಲ ನೋಡಿದ್ದು ಈ ಕಾರಣಕ್ಕೆ: ಆ ದಿನ ಆತನ ಸಮಯ 3 ನಿಮಿಷ 28.24 ಸೆಕೆಂಡು, ಟೋಕಿಯೊದಲ್ಲಿ ಚಿನ್ನ ತಂದುಕೊಟ್ಟ ತನ್ನದೇ ದಾಖಲೆಗಿಂತ ವೇಗ. ಹಾಕರ್‌ನ 3 ನಿಮಿಷ 27.65 ಸೆಕೆಂಡುಗಳ ಹೊಸ ಒಲಿಂಪಿಕ್ ದಾಖಲೆಗೆ ದಾರಿ ಹಾಕಿಕೊಟ್ಟದ್ದು ಈತನ ಕಾಲೇ. ಓಟದ ನಂತರ, ಅತಿ ವೇಗವಾಗಿ ಹೊರಟು ತಾನೇ ಕೆಡಿಸಿಕೊಂಡೆನೆಂದು ಒಪ್ಪಿಕೊಂಡು, ನಾಲ್ಕು ದಿನಗಳ ಮೇಲೆ ಬಂದು 5000 ಮೀಟರ್ ಗೆದ್ದ. ಜಂಬದವನು ಜಾರಿಕೊಳ್ಳಲು ಹಿಂಬಾಗಿಲನ್ನು ತೆರೆದಿಟ್ಟುಕೊಂಡಿರುತ್ತಾನೆ. ಈತ ಬಾಗಿಲಿಗೆ ಅಗಳಿ ಹಾಕಿಕೊಂಡೇ ಓಡಿದ.

ಹಾಗೆಂದು ಭಾವಯ್ಯನವರ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. 2024ರ ಆರಂಭದಲ್ಲಿ ಕೆರ್ ಒಳಾಂಗಣದಲ್ಲಿ ಎರಡು ಮೈಲಿಯನ್ನು 8 ನಿಮಿಷ 0.67 ಸೆಕೆಂಡಿನಲ್ಲಿ ಓಡಿದಾಗ, ಆ ಓಟದಲ್ಲಿ ಇರದೇ ಇದ್ದ ಈತ, ತಾನಿದ್ದಿದ್ದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡೂ ಅವನನ್ನು ಸೋಲಿಸುತ್ತಿದ್ದೆ ಎಂಬರ್ಥದ ಮಾತಾಡಿದ. ಹೊರಾಂಗಣದಲ್ಲಿ ಈತನದೇ ಸಮಯ 7 ನಿಮಿಷ 54.10 ಸೆಕೆಂಡು ಇರುವುದರಿಂದ ಲೆಕ್ಕಕ್ಕೆ ಒಂದು ಆಧಾರವೇನೋ ಇತ್ತು, ಆದರೆ ಮಾತು ಹಗುರವಾಯಿತು. ನನಗೆ ಆತನಲ್ಲಿ ಹಿಡಿಸದ್ದು ಇದೊಂದೇ.

ಈ ವಾರ ನಮ್ಮ ತೋಟದ ಅಡಿಕೆಗೊನೆ ಇಳಿಸಲು ಬಂದ ಕೊನೆಗೌಡ ಬೆಳಿಗ್ಗೆ ಕಾಫಿ ಕುಡಿಯುತ್ತಲೇ, ಮೇಲಿನ ಅಂಚಿನವರೆಗೆ ಮಧ್ಯಾಹ್ನದ ಊಟದೊಳಗೆ ಮುಗಿಸುತ್ತೇನಮ್ಮಾ ಎಂದ. ನಲವತ್ತು ಅಡಿ ಎತ್ತರದಲ್ಲಿ, ಮರವನ್ನು ಬಾಗಿಸಿ ಪಕ್ಕದ ಮರಕ್ಕೆ ಕೈಹಾಕುವಾಗ, ಒಂದು ಕ್ಷಣ ಅವನ ಎರಡು ಕೈಗಳೂ ಎರಡು ಮರಗಳ ಮೇಲಿರುತ್ತವೆ. ಆಗ ಅವನಿಗೆ ನಮ್ಮ ವಿನಯ ಯಾವ ಉಪಯೋಗಕ್ಕೂ ಬಾರದು. ಅವನ ಮಾತನ್ನು ನಾವ್ಯಾರೂ ಅಹಂಕಾರವೆನ್ನುವುದಿಲ್ಲ, ಊಟದ ಹೊತ್ತಿಗೆ ತೋಟದ ಕಡೆ ನೋಡುತ್ತೇವೆ, ಅಷ್ಟೆ. ಹಾಗೆ ನೋಡಿದರೆ, ನಮ್ಮ ರಾಶಿ ಇಡಿ ಅಡಿಕೆಯಂಥ ಮಾಲು ಶಿವಮೊಗ್ಗದ ಮಂಡಿಯಲ್ಲೇ ಇನ್ನೊಬ್ಬರದಿಲ್ಲ ಎಂದು ಪ್ರತಿವರ್ಷ ಹೇಳುವವರು ಯಾರೆಂಬುದು ಈ ಗುಂಪಿಗೆಲ್ಲ ಗೊತ್ತಿದೆ, ಭಾವಯ್ಯ.

ಆ ಓಟಗಾರನ ಧೈರ್ಯವೂ ಗಾಳಿಯಲ್ಲಿ ಹುಟ್ಟಿದ್ದಲ್ಲ. ಅಭ್ಯಾಸದ ನಡುವೆ ಒಂದು ಹನಿ ರಕ್ತ ತೆಗೆದು, ಶ್ರಮ ಹೆಚ್ಚಿದಂತೆ ಅದರಲ್ಲಿ ಏರುವ ಲ್ಯಾಕ್ಟೇಟ್ ಎಂಬ ಅಂಶವನ್ನು ಅಳೆದು, ಮಿತಿ ಮೀರದಂತೆ ವೇಗವನ್ನು ಹಿಡಿದಿಟ್ಟುಕೊಂಡು, ಒಂದೇ ದಿನದಲ್ಲಿ ಎರಡು ಹೊತ್ತು ಅಂಥ ಓಟ ಮಾಡುವ ಪದ್ಧತಿ ಆತನದು. ಅಷ್ಟು ಅಳೆದವನಿಗೆ ತನ್ನ ಶಕ್ತಿ ಎಷ್ಟೆಂದು ತಿಳಿದಿರುತ್ತದೆ, ತಿಳಿದದ್ದನ್ನು ಹೇಳುತ್ತಾನೆ.

ನಾನು ಇಷ್ಟು ಹೇಳಲು ನಿಜವಾದ ಕಾರಣ ಪುಟ್ಟಿಯೇ. ಹೋದ ವರ್ಷ ಶಿವಮೊಗ್ಗದ ನೆಹರೂ ಕ್ರೀಡಾಂಗಣದಲ್ಲಿ ಅವಳ 1500 ಮೀಟರ್ ಓಟಕ್ಕೆ ಮುಂಚೆ ನಾವೆಲ್ಲ ಕೇಳಿದಾಗ, ಶೂ ದಾರವನ್ನು ಎರಡೆರಡು ಸಲ ಬಿಚ್ಚಿ ಕಟ್ಟುತ್ತ, ತಲೆಯೆತ್ತದೆ, 'ಏನೋ ನೋಡೋಣ ಚಿಕ್ಕಮ್ಮ' ಎಂದಳು. ಎಷ್ಟು ವಿನಯದ ಹುಡುಗಿ ಎಂದು ಎಲ್ಲರೂ ಮೆಚ್ಚಿದೆವು. ಮೂರು ಸುತ್ತು ಗುಂಪಿನ ಮಧ್ಯದಲ್ಲೇ ಸಿಕ್ಕಿಕೊಂಡಿದ್ದು ಕೊನೆಗೆ ಐದನೆಯವಳಾಗಿ ಬಂದಾಗ ಅವಳಿಗೆ ಏದುಸಿರೂ ಇರಲಿಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ ಮೆಲ್ಲಗೆ, ಮುಂದೆ ಹೋಗಿ ಸೋತಿದ್ದರೆ ಎಲ್ಲರೂ ನಗುತ್ತಿದ್ದರಲ್ಲವೇ ಎಂದು ಕೇಳಿದಳು. ನಾವು ಮೆಚ್ಚಿದ ವಿನಯ, ಸೋಲಿಗೆಂದು ಮುಂಚೆಯೇ ಕಟ್ಟಿಕೊಂಡ ಬುತ್ತಿಯಾಗಿತ್ತು; ಅದನ್ನು ಕಟ್ಟಿಕೊಟ್ಟವರಲ್ಲಿ ನಾನೂ ಒಬ್ಬಳು.

ಬರುವ ಭಾನುವಾರ ಅವಳಿಗೆ ಮತ್ತೆ ಅದೇ ಓಟ, ಅದೇ ಕ್ರೀಡಾಂಗಣ. ಪುಟ್ಟಿ, ಎಷ್ಟನೆಯವಳಾಗಿ ಬರುತ್ತೀ ಎಂದು ಯಾರಾದರೂ ಕೇಳಿದರೆ ಮನಸ್ಸಿನಲ್ಲಿರುವುದನ್ನೇ ಹೇಳು. ಜೊತೆಗೆ ಓಡುವ ಹುಡುಗಿಯರ ಬಗ್ಗೆ ಮಾತ್ರ ಒಂದು ಮಾತೂ ಬೇಡ. ಭಾವಯ್ಯ, ಅವಳು ಒಂದನೆಯವಳು ಎಂದರೆ ದಯವಿಟ್ಟು ಗದರಬೇಡಿ, ಕೊನೆಯ ತಿರುವಿನ ಹತ್ತಿರ ನನ್ನ ಜೊತೆ ಬಂದು ನಿಂತುಕೊಳ್ಳಿ. ಕಾಫಿಯ ಫ್ಲಾಸ್ಕ್ ನಾನು ತರುತ್ತೇನೆ.