ಗೃಹಪ್ರವೇಶಕ್ಕೆ 70 ದಿನ: ಪುಟ್ಟಿ ಮೊದಲೋ, ಟೈಲ್ಸ್ ಮೊದಲೋ, ತಾರಸಿ ಮೊದಲೋ?

ಹೊಸ್ತಿಲು_3040:

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ 30×40 ಸೈಟು, ನೆಲಮಹಡಿ ಮಾತ್ರ, ಸುಮಾರು 950 ಚದರಡಿ. ಎರಡು ಬಾತ್‌ರೂಮ್, ಎರಡಕ್ಕೂ ಸಂಕನ್ ಸ್ಲ್ಯಾಬ್, ಅಂದರೆ ಪೈಪುಗಳಿಗಾಗಿ ನೆಲಕ್ಕಿಂತ ತಗ್ಗಿಸಿದ ಸ್ಲ್ಯಾಬ್. ಒಳಗಿನ ಪ್ಲಾಸ್ಟರಿಂಗ್ ಮುಗಿದು ಮೂರು ವಾರ. ಗೋಡೆಯೊಳಗಿನ ಎಲೆಕ್ಟ್ರಿಕ್ ಪೈಪು, ಸಿಪಿವಿಸಿ ನೀರಿನ ಲೈನು ಎರಡೂ ಕೂತಿವೆ. ವೈರ್ ಇನ್ನೂ ಎಳೆದಿಲ್ಲ. ಇವತ್ತಿಗೆ 70ನೇ ದಿನ ಗೃಹಪ್ರವೇಶದ ಮುಹೂರ್ತ.

ಕಂಟ್ರಾಕ್ಟರ್ ಹೇಳುತ್ತಿರುವ ಕ್ರಮ ಹೀಗಿದೆ: ಈ ವಾರವೇ ಪುಟ್ಟಿ (ಬಣ್ಣಕ್ಕೆ ಮುಂಚೆ ಗೋಡೆ ನುಣುಪು ಮಾಡುವ ಲೇಪ), ಆಮೇಲೆ ನೆಲದ ಟೈಲ್ಸ್, ನಂತರ ಬಾತ್‌ರೂಮ್, ಪೇಂಟ್, ಎಲ್ಲ ಆದಮೇಲೆ ತಾರಸಿಗೆ ವಾಟರ್‌ಪ್ರೂಫಿಂಗ್. ಬಾತ್‌ರೂಮಿಗೆ ನೀರು ಕಟ್ಟಿ ನೋಡುವುದೇನೂ ಬೇಡ, ಕೆಮಿಕಲ್ ಹೊಡೆದರೆ ಸಾಕು ಅನ್ನುತ್ತಾರೆ.

ನನ್ನ ಪ್ರಶ್ನೆಗಳು: ಈ ಕ್ರಮ ಸರಿಯೇ? ಮುಚ್ಚಿಹೋಗುವ ಮೊದಲು ಏನೇನು ಪರೀಕ್ಷೆ ಮಾಡಿಸಬೇಕು? 70 ದಿನ ಸಾಲದಿದ್ದರೆ ಯಾವುದನ್ನು ಗೃಹಪ್ರವೇಶದ ಆಚೆಗೆ ತಳ್ಳಬಹುದು?

ರಸಮಟ್ಟ:

ಕ್ರಮ ತಿರುಗಾಮುರುಗಾ ಆಗಿದೆ. ತಾರಸಿ ಮೊದಲು, ಆಮೇಲೆ ಬಾತ್‌ರೂಮ್, ಆಮೇಲೆ ಪುಟ್ಟಿ. ಮೇಲಿನಿಂದ ಇಳಿಯುವ ನೀರು ನಿಂತಿದೆ ಅಂತ ಖಾತ್ರಿಯಾಗದೆ ಕೆಳಗಿನ ಸೀಲಿಂಗಿಗೆ ಪುಟ್ಟಿ ಬಳಿದರೆ ಮೊದಲ ಮಳೆಗೆ ಹಳದಿ ಕಲೆ ಬರುತ್ತೆ. ಆಗ ಕೆರೆದು ಮತ್ತೆ ಮಾಡಬೇಕು, ಆ ಜಾಗದ ಬಣ್ಣ ಪಕ್ಕದ ಬಣ್ಣಕ್ಕೆ ಹೊಂದೋದೂ ಇಲ್ಲ.

ತಾರಸಿ: ನೀರು ಹೋಗುವ ಪೈಪಿನ ಕಡೆಗೆ 10 ಅಡಿಗೆ ಕನಿಷ್ಠ ಒಂದೂಕಾಲು ಇಂಚು ಇಳಿಜಾರು. ಪ್ಯಾರಾಪೆಟ್ ಗೋಡೆ ತಾರಸಿಗೆ ಸೇರುವ ಮೂಲೆಯಲ್ಲಿ ಚೂಪು ಕೋನ ಬಿಡದೆ 2 ಇಂಚಿನ ದುಂಡು ಗಾರೆ ಹಾಕಿಸಿ. ಸೋರೋದು ಹೆಚ್ಚಾಗಿ ಅಲ್ಲಿಂದ ಮತ್ತು ಪೈಪ್ ಇಳಿಯುವ ತೂತಿನ ಸುತ್ತಲಿಂದ, ಸ್ಲ್ಯಾಬಿನ ನಡುವಿನಿಂದಲ್ಲ. ಕೋಟಿಂಗ್ ಒಣಗಿದ ಮೇಲೆ ಪೈಪಿನ ಬಾಯಿ ಮುಚ್ಚಿ 2 ಇಂಚು ನೀರನ್ನು 48 ಗಂಟೆ ಕಟ್ಟಿ. ಕೆಳಗೆ ಫ್ಯಾನ್ ಬಾಕ್ಸ್, ಲೈಟ್ ಪಾಯಿಂಟ್, ಬೀಮ್ ಪಕ್ಕ ಟಾರ್ಚ್ ಹಾಕಿ ನೋಡಿ. ಒದ್ದೆ ಮೊದಲು ಕಾಣೋದು ಫ್ಯಾನ್ ಬಾಕ್ಸಿನಲ್ಲೇ.

ಇದು ನಡೆಯುತ್ತಿರುವಾಗ ಪ್ಲಾಸ್ಟರ್ ಒಣಗಲಿ. ಕ್ಯೂರಿಂಗ್ (ಗಾರೆಗೆ ನೀರುಣಿಸೋದು) ನಿಲ್ಲಿಸಿ ನಾಲ್ಕರಿಂದ ಆರು ವಾರ ಕಳೆಯದೆ ಪುಟ್ಟಿ ಬೇಡ. ನೋಡೋಕೆ ಬೆಳ್ಳಗೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತೆ, ಅದು ಹೊರಬರುವಾಗ ಉಪ್ಪನ್ನು ಎಳೆದು ತಂದು ಬಣ್ಣವನ್ನು ಎಬ್ಬಿಸುತ್ತೆ. ಪರೀಕ್ಷೆ ಸುಲಭ: 2 ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, 24 ಗಂಟೆ ಬಿಟ್ಟು ತೆಗೆಯಿರಿ. ಒಳಗಡೆ ಬೆವರಿದ್ದರೆ ಇನ್ನೂ ಕಾಯಬೇಕು. ಬಾತ್‌ರೂಮಿನ ಹಿಂಬದಿ ಗೋಡೆ, ಬಿಸಿಲು ಬೀಳದ ಉತ್ತರದ ಗೋಡೆ ಎರಡರಲ್ಲೂ ಮಾಡಿ. ಹಾಲ್‌ನಲ್ಲಿ ಮಾಡಿದರೆ ಯಾವಾಗಲೂ ಪಾಸೇ.

ನನ್ನ ಲೆಕ್ಕದಲ್ಲಿ 70 ದಿನ ಹೀಗೆ ಹಂಚಿಕೊಳ್ಳಿ. ಮೊದಲ 12 ದಿನ ತಾರಸಿ, ನೀರಿನ ಲೈನಿನ ಪ್ರೆಷರ್ ಟೆಸ್ಟ್, ವೈರ್ ಎಳೆಯೋದು. 12ರಿಂದ 28 ಬಾತ್‌ರೂಮ್ ವಾಟರ್‌ಪ್ರೂಫಿಂಗ್ ಮತ್ತು ಅದರ ಟೈಲ್ಸ್. ಅದೇ ಹೊತ್ತಿನಲ್ಲಿ ಒಣಗಿದ ಕೋಣೆಗಳಲ್ಲಿ ಪುಟ್ಟಿ ಎರಡು ಕೋಟ್, ಪ್ರೈಮರ್, ಬಣ್ಣದ ಮೊದಲ ಕೋಟ್. 28ರಿಂದ 43 ನೆಲದ ಟೈಲ್ಸ್, ಅಡುಗೆಮನೆ ಗ್ರಾನೈಟ್. ಆಮೇಲೆ ಬಾಗಿಲು, ಕಿಟಕಿ, ನಲ್ಲಿ, ಕಮೋಡ್. ಬಣ್ಣದ ಕೊನೆಯ ಕೋಟ್ 55ರ ಹೊತ್ತಿಗೆ. ಕೊನೆಯ ವಾರ ಖಾಲಿ ಇಟ್ಟುಕೊಳ್ಳಿ, ಅದು ತಾನಾಗಿಯೇ ತುಂಬುತ್ತೆ.

ಸಾಮಾನಿನ ಅಂದಾಜು: ನಿಮ್ಮ ಮನೆಗೆ ಗೋಡೆ, ಸೀಲಿಂಗ್ ಸೇರಿ 3,300ರಿಂದ 3,800 ಚದರಡಿ. ಬಿಳಿ ಸಿಮೆಂಟ್ ಪುಟ್ಟಿ 40 ಕೆಜಿಯ 7ರಿಂದ 10 ಮೂಟೆ. ಎಂ ಸ್ಯಾಂಡ್ ಪ್ಲಾಸ್ಟರ್ ಒರಟಾಗಿದ್ದರೆ 10ರ ಹತ್ತಿರ. ಎರಡು ಕೋಟೂ ಸೇರಿ ದಪ್ಪ 1.5 ಮಿಮೀ ದಾಟಬಾರದು. ಗೋಡೆಯ ಡೊಂಕನ್ನು ಪುಟ್ಟಿಯಲ್ಲಿ ಮುಚ್ಚಲು ಹೊರಟರೆ ಅದು ಚಕ್ಕೆ ಏಳುತ್ತೆ. ಡೊಂಕಿದ್ದರೆ ಗಾರೆಯವರನ್ನೇ ಕರೆಸಿ. ಎಮಲ್ಷನ್ ಎರಡು ಕೋಟಿಗೆ ಸುಮಾರು 60 ಲೀಟರ್.

ಆಚೆಗೆ ತಳ್ಳಬಹುದಾದದ್ದು: ವಾರ್ಡ್‌ರೋಬ್, ಫಾಲ್ಸ್ ಸೀಲಿಂಗ್, ಹೊರಗಿನ ಟೆಕ್ಸ್ಚರ್, ಗೇಟಿನ ಬಣ್ಣ, ಬೇಕಾದರೆ ಒಳಗಿನ ಕೊನೆಯ ಕೋಟ್ ಕೂಡ. ಟೈಲ್ಸಿನ ಅಡಿ ಹೋಗುವ ಯಾವುದನ್ನೂ ತಳ್ಳುವಂತಿಲ್ಲ, ಅವಸರ ಮಾಡುವಂತಿಲ್ಲ.

ನಾನಿಟ್ರ್ಯಾಪ್:

ರಸಮಟ್ಟ ಅವರ ಕ್ರಮ ಬಹುಪಾಲು ಒಪ್ತೀನಿ. ಒಂದು ತಕರಾರು: ನೆಲದ ಟೈಲ್ಸಿಗಿಂತ ಮುಂಚೆ ಪುಟ್ಟಿ ಮಾಡೋದಾದ್ರೆ ಗೋಡೆಯ ಕೆಳಗಿನ 6 ಇಂಚು ಬಿಟ್ಟು ಮಾಡ್ಲಿ. ಸ್ಕರ್ಟಿಂಗ್, ಅಂದ್ರೆ ಗೋಡೆ ಬುಡದ ಟೈಲ್ ಪಟ್ಟಿ, ಪ್ಲಾಸ್ಟರಿಗೆ ಹಿಡೀಬೇಕು. ಪುಟ್ಟಿ ಮೇಲೆ ಅಂಟಿಸಿದ್ರೆ ಪುಟ್ಟಿ ಸಮೇತ ಕಿತ್ಕೊಂಡು ಬರುತ್ತೆ.

ನೀರಿನ ಲೈನ್ ಟೆಸ್ಟ್: ಕೊನೆಯ ಜಾಯಿಂಟ್ ಅಂಟಿಸಿ 24 ಗಂಟೆ ಆದ್ಮೇಲೆ ಎಲ್ಲ ಪಾಯಿಂಟಿಗೂ ಡಮ್ಮಿ ಪ್ಲಗ್ ಹಾಕಿ, ಕೈಪಂಪಲ್ಲಿ 7ರಿಂದ 10 ಕೆಜಿ (ಚದರ ಸೆಂಟಿಮೀಟರಿಗೆ) ಒತ್ತಡ ಕೊಡಿ. ಪೈಪಲ್ಲಿ ಗಾಳಿ ಉಳೀಬಾರದು. ಗಾಳಿ ಇದ್ರೆ ಗೇಜಿನ ಮುಳ್ಳು ಇಳಿಯುತ್ತೆ, ಲೀಕ್ ಅಂದ್ಕೊಂಡು ಗೋಡೆ ಒಡೀತಾರೆ. ತಾರಸಿ ಟ್ಯಾಂಕಿಂದ ಬರೋ ಒತ್ತಡ 10 ಅಡಿಗೆ ಬರೀ 0.3 ಕೆಜಿ. ಹಾಗಾಗಿ ‘ಟ್ಯಾಂಕ್ ನೀರು ಬಿಟ್ಟು ನೋಡಿದೀವಿ’ ಅನ್ನೋದು ಟೆಸ್ಟೇ ಅಲ್ಲ. ಮುಂದೆ ಪ್ರೆಷರ್ ಪಂಪ್ ಹಾಕಿಸಿದ ದಿನ ಬಂಡವಾಳ ಬಯಲಾಗುತ್ತೆ. ಟೈಲ್ಸ್ ಕೆಲಸ ನಡೆಯೋವಾಗಲೂ ಲೈನಲ್ಲಿ 3 ಕೆಜಿ ಒತ್ತಡ ಇಟ್ಟು ಗೇಜ್ ಬಿಟ್ಟಿರಿ. ಯಾರಾದ್ರೂ ಮೊಳೆ, ಡ್ರಿಲ್ ಇಳಿಸಿದ್ರೆ ಆಗಲೇ ಗೊತ್ತಾಗುತ್ತೆ.

ಬಾತ್‌ರೂಮಿಗೆ ಎರಡು ಸಲ ನೀರು ಕಟ್ಟಿ. ಸಂಕನ್ ತುಂಬೋ ಮುಂಚೆ ಒಂದು ಸಲ, ಮೇಲೆ ಕೋಟಿಂಗ್ ಆದ್ಮೇಲೆ ಇನ್ನೊಂದು ಸಲ, ತಲಾ 48 ಗಂಟೆ. ನೆಲಮಹಡಿ ಆದ್ರಿಂದ ಕೆಳಗಿನಿಂದ ನೋಡೋಕಾಗಲ್ಲ. ನೀರಿನ ಮಟ್ಟಕ್ಕೆ ಗೆರೆ ಎಳೀರಿ, ಪಕ್ಕದಲ್ಲೇ ಒಂದು ಬಕೆಟ್ ನೀರಿಡಿ. ಬಕೆಟ್ಟಿಗಿಂತ ನೆಲದ ನೀರು ಜಾಸ್ತಿ ಇಳಿದಿದ್ರೆ ಅದು ಆವಿಯಲ್ಲ. ಪಕ್ಕದ ಕೋಣೆ ಗೋಡೆಯ ಬುಡಾನೂ ನೋಡಿ. ಕೋಟಿಂಗ್ ಎರಡು ಕೋಟ್, ಒಂದು ಅಡ್ಡ, ಒಂದು ಉದ್ದ. ಗೋಡೆ ಮೇಲೆ 1 ಅಡಿ, ಶವರ್ ಕಡೆ 6 ಅಡಿ. ನಹಾನಿ ಟ್ರ್ಯಾಪಿನ (ನೆಲದ ನೀರು ಇಳಿಯೋ ಬಾಯಿ) ಸುತ್ತ ಬರೀ ಸಿಮೆಂಟ್ ಮೆತ್ತಿದ್ರೆ ಒಣಗಿ ಬಿರುಕು ಬಿಡುತ್ತೆ. ಕುಗ್ಗದ ಗ್ರೌಟ್ ತುಂಬಿಸಿ.

ಕಮೋಡ್, ಡೈವರ್ಟರ್ (ನೀರನ್ನ ಶವರಿಗೂ ನಲ್ಲಿಗೂ ತಿರುಗಿಸೋ ಗೋಡೆಯೊಳಗಿನ ವಾಲ್ವ್) ಎರಡನ್ನೂ ಟೈಲ್ಸಿಗಿಂತ ಮೊದಲೇ ಕೊಂಡು ತನ್ನಿ. ಎಸ್ ಟ್ರ್ಯಾಪ್ (ಪೈಪು ನೆಲಕ್ಕೆ ಇಳಿಯೋ) ಕಮೋಡ್ ಆದ್ರೆ ಪೈಪಿನ ನಡುವಿಂದ ಗೋಡೆಗೆ ಎಷ್ಟು ಅನ್ನೋದು ಮಾಡೆಲ್ ಮೇಲೆ ಹೋಗುತ್ತೆ, 4, 9, 12 ಇಂಚು ಹೀಗೆ. ಅಳತೆ ಟೈಲ್ಸ್ ಮುಖದಿಂದ ಲೆಕ್ಕ, ಇಟ್ಟಿಗೆಯಿಂದಲ್ಲ. ಡೈವರ್ಟರ್ ಬಾಡಿ ಮೇಲೆ ಟೈಲ್ಸ್ ಎಲ್ಲಿವರೆಗೆ ಬರಬಹುದು ಅಂತ ಗುರುತು ಇರುತ್ತೆ. ಅದಕ್ಕಿಂತ ಒಳಗೆ ಕೂತ್ರೆ ಹಿಡಿ ಸಿಗಲ್ಲ, ಹೊರಗೆ ಬಂದ್ರೆ ಪ್ಲೇಟ್ ಗೋಡೆಗೆ ಕೂರಲ್ಲ.

ಟೈಲ್ಸ್: ವಿಟ್ರಿಫೈಡ್ ಟೈಲ್ ನೀರು ಹೀರೋದು 0.5 ಪರ್ಸೆಂಟಿಗಿಂತ ಕಡಿಮೆ, ಹಾಗಾಗಿ ಸಿಮೆಂಟ್ ಹಾಲು ಅದಕ್ಕೆ ಕಚ್ಚಲ್ಲ. ಗೋಡೆಗಂತೂ ಅಡ್ಹೆಸಿವ್ ಕಡ್ಡಾಯ, ಅದೂ ಹಲ್ಲಿನ ಕರಣೆಯಲ್ಲಿ ಪೂರ್ತಿ ಎಳೆದದ್ದು. ನಾಲ್ಕು ಮೂಲೆಗೆ ನಾಲ್ಕು ಉಂಡೆ ಇಟ್ಟು ಒತ್ತೋದಲ್ಲ. ಗ್ರೌಟ್ ಹಾಕೋ ಮುಂಚೆ ಮರದ ಸುತ್ತಿಗೆಯಲ್ಲಿ ಪ್ರತಿ ಟೈಲೂ ತಟ್ಟಿ. ಡಬ್ ಅನ್ನೋದನ್ನ ಚಾಕ್‌ಪೀಸಲ್ಲಿ ಗುರುತು ಮಾಡಿ ಆಗಲೇ ತೆಗೆಸಿ. ಬಾತ್‌ರೂಮ್ ಇಳಿಜಾರು 8 ಅಡಿಗೆ 1 ಇಂಚು. ಖರೀದಿಯಲ್ಲಿ ಹತ್ತು ಪರ್ಸೆಂಟ್ ಹೆಚ್ಚಿಗೆ, ಎಲ್ಲ ಬಾಕ್ಸೂ ಒಂದೇ ಬ್ಯಾಚ್ ನಂಬರ್. ಒಂದು ಬಾಕ್ಸ್ ಎತ್ತಿಡಿ.

ಇನ್ನೊಂದು, ಯಾರೂ ಗಮನಿಸದೆ ಇರೋದು. ಟೈಲ್ಸ್ ಕೊಯ್ದ ಕೆಸರು, ಪುಟ್ಟಿ ತೊಳೆದ ನೀರು ಎಲ್ಲ ಸೀದಾ ಟ್ರ್ಯಾಪಿಗೆ ಸುರೀತಾರೆ. ಒಳಗೆ ಕಲ್ಲಾಗುತ್ತೆ. ಎಲ್ಲ ಟ್ರ್ಯಾಪಿಗೂ ಗೋಣಿ ತುರುಕಿ ಮೇಲೆ ಟೇಪ್ ಹಾಕಿ. ಕೊನೆಗೆ ಪ್ರತಿ ಪಾಯಿಂಟಿಂದ ಒಂದು ಬಕೆಟ್ ನೀರು ಹೊಯ್ದು ಹೊರಗಿನ ಚೇಂಬರಲ್ಲಿ ಅಷ್ಟೇ ರಭಸದಲ್ಲಿ ಬರ್ತಿದೆಯಾ ಅಂತ ನೋಡಿ.

ಆರ್ಥಿಂಗ್_ಅಣ್ಣ:

ವೈರಿಂಗ್ ಬಗ್ಗೆ. ಪುಟ್ಟಿಗೆ ಮೊದಲೇ ವೈರ್ ಎಳೆಸಿ. ಪೈಪ್ ಎಲ್ಲಾದರೂ ಗಾರೆ ತುಂಬಿ ಮುಚ್ಚಿದ್ದರೆ ಪ್ಲಾಸ್ಟರ್ ಒಡೆದು ಸರಿಮಾಡಬೇಕಾಗುತ್ತದೆ. ಲೈಟಿಗೆ 1.5, ಪವರ್ ಪಾಯಿಂಟಿಗೆ 2.5, ಗೀಸರ್ ಮತ್ತು ಎಸಿಗೆ ಬೇರೆ ಬೇರೆ 4 ಸ್ಕ್ವೇರ್ ಎಂಎಂ. ಸ್ವಿಚ್ ಪ್ಲೇಟುಗಳು ಮಾತ್ರ ಕೊನೆಯ ಕೋಟ್ ಆದಮೇಲೆ.

ಎಲ್‌ಇಡಿ ಕೂರಿಸುವ ಮೊದಲು ವೈರಿನ ಇನ್ಸುಲೇಷನ್ ಅಳೆಯುವ 500 ವೋಲ್ಟ್ ಮೆಗ್ಗರ್‌ನಲ್ಲಿ ಪ್ರತಿ ಸರ್ಕ್ಯೂಟನ್ನೂ ಅಳೆಸಿ. ಫೇಸ್-ನ್ಯೂಟ್ರಲ್, ಫೇಸ್-ಅರ್ತ್, ನ್ಯೂಟ್ರಲ್-ಅರ್ತ್ ಮೂರರಲ್ಲೂ 1 ಮೆಗಾಓಮ್‌ಗಿಂತ ಮೇಲಿರಬೇಕು. ಹೊಸ ವೈರಿಗೆ ಅದಕ್ಕಿಂತ ಬಹಳ ಹೆಚ್ಚೇ ಬರುತ್ತದೆ. 1ರ ಆಸುಪಾಸು ತೋರಿಸಿದರೆ ಎಲ್ಲೋ ಸಿಪ್ಪೆ ಸುಲಿದಿದೆ ಅಥವಾ ಬಾಕ್ಸಿನಲ್ಲಿ ನೀರಿದೆ.

ಕರೆಂಟು ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇಲ್ಲದೆ ಮನೆ ಒಪ್ಪಿಸಿಕೊಳ್ಳಬೇಡಿ. ‘ಅದು ಸುಮ್ಮನೆ ಟ್ರಿಪ್ ಆಗುತ್ತೆ’ ಅಂತ ತೆಗೆದುಹಾಕುವವರು ಇದ್ದಾರೆ. ಸುಮ್ಮನೆ ಆಗುವುದಿಲ್ಲ. ಸಾಮಾನ್ಯ ಕಾರಣ, ಇನ್ವರ್ಟರ್ ಸರ್ಕ್ಯೂಟಿನ ನ್ಯೂಟ್ರಲ್ ಅನ್ನು ಮಾಮೂಲಿ ಸರ್ಕ್ಯೂಟಿನ ನ್ಯೂಟ್ರಲ್ ಜೊತೆ ಎಲ್ಲೋ ಒಂದು ಬಾಕ್ಸಿನಲ್ಲಿ ಸೇರಿಸಿರುತ್ತಾರೆ. ಹೋದ ಕರೆಂಟು ಅದೇ ದಾರಿಯಲ್ಲಿ ವಾಪಸ್ ಬರದಿದ್ದರೆ ಆರ್‌ಸಿಸಿಬಿ ಬೀಳಲೇಬೇಕು. ಆ ಬಾಕ್ಸ್ ಹುಡುಕಿಸಿ. ಅರ್ತ್ ಗುಂಡಿಯ ರೋಧ 5 ಓಮ್ ಒಳಗೆ ಬರಲಿ.

ಕಾಯಂ ಮೀಟರ್ ಕೆಲಸ ಕೊನೆಗೆ ಬಿಡಬೇಡಿ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ವಾಧೀನಾನುಭವ ಪತ್ರ, ಅಂದರೆ ಓಸಿ, ನೋಡಿಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕು ಅಂದಿತು. ಆಮೇಲೆ ಸಣ್ಣ ಸೈಟುಗಳ ಮನೆಗಳಿಗೆ ರಾಜ್ಯದಲ್ಲಿ ವಿನಾಯಿತಿ ಬಂದಿದೆ. ನಿಮ್ಮ ನಕ್ಷೆ, ಮಹಡಿ, ಸೆಟ್‌ಬ್ಯಾಕ್‌ಗೆ ಯಾವುದು ಅನ್ವಯಿಸುತ್ತದೆ ಅಂತ ಪಾಲಿಕೆ ಮತ್ತು ಬೆಸ್ಕಾಂ ಉಪವಿಭಾಗ ಎರಡರಲ್ಲೂ ಈ ವಾರವೇ ಕೇಳಿ. ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಸಹಿ ಮಾಡಿದ ಕಂಪ್ಲೀಷನ್ ರಿಪೋರ್ಟ್ ಬೇಕಾಗುತ್ತದೆ. ವೈರಿಂಗ್ ಮಾಡಿದವರಿಗೆ ಲೈಸೆನ್ಸ್ ಇದೆಯೇ ಅಂತ ಈಗಲೇ ನೋಡಿಕೊಳ್ಳಿ.

ಹೊಸ್ತಿಲು_3040:

ತುಂಬಾ ಧನ್ಯವಾದ. ಪುಟ್ಟಿ ನಿಲ್ಲಿಸಿ ತಾರಸಿ ಮೊದಲು ಅಂತ ಹೇಳಿದ್ದೇನೆ. ಇನ್ನೆರಡು ವಿಷಯ: ಕೊನೆಯ ಕಂತಿನಲ್ಲಿ ಎಷ್ಟು ಹಿಡಿದಿಟ್ಟುಕೊಳ್ಳುವುದು ನ್ಯಾಯ? ಹಾಲ್‌ನಲ್ಲಿ ಹೋಮ ಇದೆ, ಹಸುವನ್ನೂ ಒಳಗೆ ಕರೆತರಬೇಕು. ಹೊಸ ಟೈಲ್ಸಿಗೆ ಏನಾದರೂ ತೊಂದರೆಯೇ?

ರಸಮಟ್ಟ:

ಒಟ್ಟು ಮೊತ್ತದ 5 ಪರ್ಸೆಂಟ್, ಆರು ತಿಂಗಳಿಂದ ಒಂದು ವರ್ಷದವರೆಗೆ, ಅಂದರೆ ಒಂದು ಮಳೆಗಾಲ ದಾಟುವಂತೆ. ಇದು ಕರಾರಿನಲ್ಲಿ ಇದ್ದರೆ ಮಾತ್ರ ಸಲೀಸು. ಇಲ್ಲದಿದ್ದರೆ ಈಗ ಮಾತಾಡಿ ಬರೆದುಕೊಳ್ಳಿ. ಕೆಲಸ ಮುಗಿದ ದಿನ ಹೊಸದಾಗಿ ಎತ್ತಿದರೆ ಜಗಳವೇ. ಲೇಬರ್ ಕಾಂಟ್ರಾಕ್ಟ್ ಆಗಿದ್ದರೆ ಮೇಸ್ತ್ರಿಯ ಹತ್ತಿರ ಅಷ್ಟು ದಿನ ಹಣ ಹಿಡಿಯೋದು ಸರಿಯಲ್ಲ, ಅವರ ಕೂಲಿ ವಾರದ್ದು. ಅಲ್ಲಿ ತಪ್ಪುಗಳ ಪಟ್ಟಿ ಮಾಡಿ, ಸರಿಪಡಿಸಿದ ಮೇಲೆ ಕೊನೆಯ ಕಂತು ಅಂತ ಇಟ್ಟುಕೊಳ್ಳಿ. ಪಟ್ಟಿಯನ್ನು ಕೋಣೆವಾರು, ಫೋಟೋ ಸಮೇತ, ಇಬ್ಬರೂ ಒಟ್ಟಿಗೆ ಓಡಾಡಿಯೇ ಮಾಡಿ.

ಹೋಮಕುಂಡವನ್ನು ಸೀದಾ ಟೈಲ್ಸ್ ಮೇಲೆ ಇಡಬೇಡಿ, ಒಂದೇ ಕಡೆ ಕಾದು ಸೀಳುತ್ತೆ. ಒಂದು ಸಾಲು ಇಟ್ಟಿಗೆ, ಅದರ ಮೇಲೆ 3 ಇಂಚು ಮರಳು, ಆಮೇಲೆ ಕುಂಡ. ಇಟ್ಟಿಗೆಯ ಅಡಿಗೆ ಪ್ಲಾಸ್ಟಿಕ್ ಬೇಡ, ಗೋಣಿಯನ್ನು ಒದ್ದೆ ಮಾಡಿ ಹಾಸಿ. ನೇರ ಮೇಲಿನ ಸೀಲಿಂಗ್ ಮಸಿ ಹಿಡಿಯೋದು ಖಂಡಿತ. ಹಾಲ್‌ನ ಸೀಲಿಂಗಿಗೆ ಮಾತ್ರ ಕೊನೆಯ ಕೋಟನ್ನು ಹೋಮದ ನಂತರಕ್ಕೆ ಇಟ್ಟುಕೊಳ್ಳಿ. ಹಸುವಿಗೆ ಪಾಲಿಷ್ ಟೈಲ್ಸ್ ಮೇಲೆ ಕಾಲು ನಿಲ್ಲೋದಿಲ್ಲ, ಹೆದರಿ ಜಾರುತ್ತೆ. ಹೊಸ್ತಿಲಿಂದ ಒಳಗೆ ಹೋಗಿ ಬರುವ ದಾರಿಗೆಲ್ಲ ಗೋಣಿ ಅಥವಾ ಒರಟು ಜಮಖಾನ ಹಾಸಿ, ಅಂಚಿಗೆ ಟೇಪ್ ಹಾಕಿ.

ನಾನಿಟ್ರ್ಯಾಪ್:

ಸಂಪನ್ನೂ ಮರೀಬೇಡಿ. ಕಟ್ಟಡಕ್ಕೆ ಬಳಸಿದ ಸಂಪಿನ ತಳದಲ್ಲಿ ಸಿಮೆಂಟ್, ಮರಳು ಕೂತಿರುತ್ತೆ. ಪೂರ್ತಿ ಖಾಲಿ ಮಾಡಿ ಉಜ್ಜಿ, 6,000 ಲೀಟರಿಗೆ ಸುಮಾರು 1 ಕೆಜಿ ಬ್ಲೀಚಿಂಗ್ ಪೌಡರ್ ಬಕೆಟ್ಟಲ್ಲಿ ಕದಡಿ, ತಿಳಿ ಮಾತ್ರ ಹಾಕಿ 24 ಗಂಟೆ ಬಿಡಿ. ಅದೇ ನೀರನ್ನ ಟ್ಯಾಂಕಿಗೆ ಏರಿಸಿ ಎಲ್ಲ ನಲ್ಲಿ ತಿರುವಿ ಹೊರಗೆ ಬಿಟ್ಟರೆ ಪೈಪೂ ತೊಳೆದಂತಾಗುತ್ತೆ. ಈ ನೀರು ಕುಡಿಯೋಕಾಗಲಿ ಗಿಡಕ್ಕಾಗಲಿ ಬೇಡ. ಹೊಸ ನಲ್ಲಿಗಳ ಬಾಯಿಯ ಜಾಲರಿಯನ್ನ ಆವಾಗ ಬಿಚ್ಚಿಟ್ಟಿರಿ, ಇಲ್ಲಾಂದ್ರೆ ಪೈಪಿನ ಚೂರೆಲ್ಲ ಅಲ್ಲೇ ಸಿಕ್ಕಿಕೊಂಡು ಮೊದಲ ದಿನವೇ ನೀರು ಸಣ್ಣಗೆ ಬರುತ್ತೆ. ಸಂಪಿಗೆ ಇಳಿಯೋ ಮುಂಚೆ ಮುಚ್ಚಳ ಕೆಲವು ಗಂಟೆ ತೆರೆದಿಡಿ, ಮೇಲೊಬ್ಬರು ನಿಂತಿರಲಿ.