ಸ್ಟುಡಿಯೊದ ನ್ಯಾಸ್ ತುಂಬಿದೆ: ಡಿಸ್ಕ್ ಬದಲಿಸಲೇ, ಹೊಸ ಪೆಟ್ಟಿಗೆಯನ್ನೇ ಕೊಳ್ಳಲೇ?

ಶಿವಮೊಗ್ಗ, ಮದುವೆ ಫೋಟೋ ಸ್ಟುಡಿಯೊ (ಪ್ರಶ್ನೆ)

ನಾನು, ತಮ್ಮ ಸೇರಿ ಸ್ಟುಡಿಯೊ ನಡೆಸುತ್ತೇವೆ. 2018ರಲ್ಲಿ ಕೊಂಡ ಎರಡು ಬೇ (ಡಿಸ್ಕ್ ಕೂರಿಸುವ ಗೂಡು) ಇರುವ ನ್ಯಾಸ್ ಇದೆ, ಅಂದರೆ ಲ್ಯಾನ್ ಮೂಲಕ ಎಲ್ಲ ಕಂಪ್ಯೂಟರ್‌ಗಳೂ ಬಳಸುವ ಡಿಸ್ಕ್ ಪೆಟ್ಟಿಗೆ. 4 ಟಿಬಿಯ ಎರಡು ಡಿಸ್ಕ್, ರೇಡ್ 1, ಅಂದರೆ ಒಂದರಲ್ಲಿರುವುದೇ ಇನ್ನೊಂದರಲ್ಲೂ ಇರುತ್ತದೆ. ತೋರಿಸುವ ಜಾಗ 3.6 ಟಿಬಿ, ಅದರಲ್ಲಿ 3.4 ತುಂಬಿಹೋಗಿದೆ. ಒಂದು ಮದುವೆಗೆ ಫೋಟೋ, ವಿಡಿಯೊ ಸೇರಿ 200 ಜಿಬಿ ಸಲೀಸಾಗಿ ಆಗುತ್ತದೆ. ಆಲ್ಬಂ ಕೊಟ್ಟ ಮೇಲೆ ಕಚ್ಚಾ ವಿಡಿಯೊ ಅಳಿಸುತ್ತೇವೆ, ಆದರೂ ಸಾಲುತ್ತಿಲ್ಲ. ಇದೇ ಪೆಟ್ಟಿಗೆಗೆ ದೊಡ್ಡ ಡಿಸ್ಕ್ ಹಾಕಬೇಕೋ, ನಾಲ್ಕು ಬೇ ಇರುವ ಹೊಸದನ್ನು ತರಬೇಕೋ? ಅಂಗಡಿಯವರು ಹೊಸದೇ ತಗೊಳ್ಳಿ ಅನ್ನುತ್ತಾರೆ. ಬಳಸಿದವರ ಅನುಭವ ಬೇಕು. ಬೇರೆ ಬ್ಯಾಕಪ್ ಇಟ್ಟಿಲ್ಲ, ಎರಡು ಡಿಸ್ಕ್ ಇದೆಯಲ್ಲ ಎಂಬ ಧೈರ್ಯದಲ್ಲಿದ್ದೆವು.

ಗದಗ, ಮುದ್ರಣಾಲಯ

ನಿಮ್ಮ ಕೊನೆಯ ಸಾಲು ಓದಿ ಕೈಯಲ್ಲಿದ್ದ ಪ್ರೂಫ್ ಬದಿಗಿಟ್ಟು ಬರೆಯುತ್ತಿದ್ದೇನೆ. ಯಾವ ಪೆಟ್ಟಿಗೆ ಅನ್ನೋದು ಆಮೇಲಿನ ಮಾತು. ಡಿಸ್ಕ್ ಬದಲಿಸುವ ದಿನವೇ ನಿಮ್ಮ ಡೇಟಾಗೆ ಅತಿ ಹೆಚ್ಚು ಅಪಾಯ ಇರುವ ದಿನ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮದೂ ನಿಮ್ಮ ಹಾಗೇ ಎರಡು ಡಿಸ್ಕ್, ರೇಡ್ 1. ಜಾಗ ಸಾಲದೆ 8 ಟಿಬಿಯ ಎರಡು ಡಿಸ್ಕ್ ತಂದೆ. ಪೆಟ್ಟಿಗೆ ಆಫ್ ಮಾಡಿ, ಹಳೆಯ ಡಿಸ್ಕ್ ಒಂದನ್ನು ತೆಗೆದು, ಆ ಜಾಗಕ್ಕೆ ಹೊಸದನ್ನು ಹಾಕಿ, ರೀಬಿಲ್ಡ್ (ಉಳಿದ ಡಿಸ್ಕ್‌ನಲ್ಲಿರುವುದೆಲ್ಲ ಹೊಸದಕ್ಕೆ ನಕಲಾಗುವ ಕೆಲಸ) ಶುರುಮಾಡಿದೆ. ಸಂಜೆಯಿಂದ ಚೆನ್ನಾಗಿಯೇ ನಡೆದಿತ್ತು. ರಾತ್ರಿ ಹನ್ನೊಂದಕ್ಕೆ ನೋಡಿದಾಗ ಶೇ 62. ಅಲ್ಲೇ ನಿಂತಿತ್ತು. ಹಳೆಯ ಡಿಸ್ಕ್‌ನಿಂದ ಟಕ್, ಟಕ್ ಎಂದು ಸದ್ದು, ಎರಡನೇ ಬೇಯ ದೀಪ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಒಳಗೆ ಉಳಿದಿದ್ದ ಡಿಸ್ಕ್‌ನ ಕೆಲವು ಸೆಕ್ಟರ್‌ಗಳು ಯಾವಾಗಲೋ ಕೆಟ್ಟಿದ್ದವು. ನಾಲ್ಕೈದು ವರ್ಷದ ಹಿಂದಿನ ಲಗ್ನಪತ್ರಿಕೆ ಫೈಲ್‌ಗಳನ್ನು ಯಾರು ತೆರೆದು ನೋಡುತ್ತಾರೆ? ಹಾಗಾಗಿ ಗೊತ್ತೇ ಆಗಿರಲಿಲ್ಲ. ರೀಬಿಲ್ಡ್ ಆದರೆ ಮೊದಲಿಂದ ಕೊನೆವರೆಗೂ ಓದಲೇಬೇಕಲ್ಲ, ಅಲ್ಲಿ ಸಿಕ್ಕಿಬಿತ್ತು.

ತೆಗೆದ ಡಿಸ್ಕ್‌ನ್ನು ಅದೇ ದಿನ ಫಾರ್ಮ್ಯಾಟ್ ಮಾಡಿ ಇನ್ನೊಂದು ಕಂಪ್ಯೂಟರ್‌ಗೆ ಹಾಕುವ ಯೋಚನೆ ಇತ್ತು. ಕೆಲಸದ ಒತ್ತಡದಲ್ಲಿ ಆಗಿರಲಿಲ್ಲ, ಕಾಗದದ ರೀಮಿನ ಮೇಲೆ ಹಾಗೇ ಕೂತಿತ್ತು. ಎಲ್ಲ ಆಫ್ ಮಾಡಿ ಅದೊಂದನ್ನೇ ಹಾಕಿ ಆನ್ ಮಾಡಿದೆ. ಫೋಲ್ಡರ್‌ಗಳು ಒಂದೊಂದಾಗಿ ಕಂಡವು. ರೇಡ್ 1ರಲ್ಲಿ ಪ್ರತಿ ಡಿಸ್ಕ್‌ನಲ್ಲೂ ಪೂರ್ತಿ ಪ್ರತಿ ಇರುತ್ತದೆ, ಹಾಗಾಗಿ ಉಳಿದುಕೊಂಡೆವು. ಡೇಟಾವನ್ನು ಎಲ್ಲ ಡಿಸ್ಕ್‌ಗಳಿಗೂ ಹಂಚಿ ಇಡುವ ರೇಡ್ 5 ಆಗಿದ್ದರೆ ಒಂಟಿ ಡಿಸ್ಕ್‌ನಿಂದ ಏನೂ ಸಿಗುತ್ತಿರಲಿಲ್ಲ.

ಈಗ ನೀವು ಹೀಗೆ ಮಾಡಿ. ಮೊದಲು 8 ಟಿಬಿಯ ಯುಎಸ್‌ಬಿ ಹಾರ್ಡ್ ಡಿಸ್ಕ್ ಒಂದನ್ನು ಕೊಳ್ಳಿ, ನ್ಯಾಸ್‌ಗೇ ಚುಚ್ಚಿ ಇಡೀ ಡೇಟಾ ಅದಕ್ಕೆ ಇಳಿಸಿ, ಸ್ಟುಡಿಯೊದಲ್ಲಿಡದೆ ಮನೆಗೆ ಒಯ್ಯಿರಿ. ಎರಡನೇದಾಗಿ ನ್ಯಾಸ್‌ನಲ್ಲೇ ಇರುವ ಡೇಟಾ ಸ್ಕ್ರಬ್ಬಿಂಗ್ (ಇಟ್ಟ ಡೇಟಾವನ್ನೆಲ್ಲ ಓದಿ ತಪ್ಪು ಹುಡುಕುವುದು), ಸ್ಮಾರ್ಟ್ ವಿಸ್ತೃತ ಪರೀಕ್ಷೆ (ಡಿಸ್ಕ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು) ಎರಡನ್ನೂ ಓಡಿಸಿ. ಅದರಲ್ಲಿ ತಪ್ಪು ಕಂಡ ಡಿಸ್ಕ್‌ನ್ನೇ ಮೊದಲು ತೆಗೆಯಿರಿ, ಚೆನ್ನಾಗಿರುವುದು ಒಳಗಿರಲಿ. ತೆಗೆದದ್ದರ ಮೇಲೆ ಮಾರ್ಕರ್‌ನಲ್ಲಿ ಬೇ ಸಂಖ್ಯೆ, ತಾರೀಖು ಬರೆದು ಒಂದು ತಿಂಗಳು ಮುಟ್ಟಬೇಡಿ. ಅಂದ ಹಾಗೆ, ಎರಡೂ ಡಿಸ್ಕ್ ಬದಲಾಗುವವರೆಗೆ ಹೊಸ ಜಾಗ ಕಾಣಿಸುವುದಿಲ್ಲ, ಗಾಬರಿಯಾಗಬೇಡಿ.

ಕನ್ನಡದಲ್ಲಿ ಫೈಲ್ ಹೆಸರು ಇಡುವವರಿಗೆ ಇನ್ನೊಂದು ಮಾತು. ನಾನು ಹೊಸ ಪೆಟ್ಟಿಗೆಯಲ್ಲಿ ಎನ್‌ಕ್ರಿಪ್ಟ್ ಮಾಡಿದ (ಕೀಲಿ ಇಲ್ಲದೆ ಓದಲಾಗದ) ಫೋಲ್ಡರ್ ತೆರೆದು ಕಾಪಿ ಹಾಕಿದಾಗ ನೂರಾರು ಫೈಲ್ ಹೋಗಲೇ ಇಲ್ಲ. ಹೆಸರು ಉದ್ದವಾಯಿತು ಅಂತ ತಕರಾರು. ಇಂಥ ಪೆಟ್ಟಿಗೆಗಳ ಒಳಗೆ ಓಡುವ ಲಿನಕ್ಸ್‌ನಲ್ಲಿ ಹೆಸರಿಗೆ ಸಾಮಾನ್ಯವಾಗಿ 255 ಬೈಟ್ ಮಿತಿ. ಇಂಥ ಎನ್‌ಕ್ರಿಪ್ಟ್ ಫೋಲ್ಡರ್‌ಗಳಲ್ಲಿ ಅದು 143ಕ್ಕೆ ಇಳಿಯುತ್ತದೆ. ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಆದರೆ ಯೂನಿಕೋಡ್ ಕನ್ನಡದಲ್ಲಿ ವ್ಯಂಜನ, ಸ್ವರಚಿಹ್ನೆ, ಒತ್ತಿನ ಕೊಂಡಿ ಪ್ರತಿಯೊಂದಕ್ಕೂ 3. ‘ಸ್ಥಾ’ ಅನ್ನುವ ಒಂದೇ ಅಕ್ಷರಕ್ಕೆ 12 ಬೈಟ್! ದೇವಸ್ಥಾನ ಜೀರ್ಣೋದ್ಧಾರ ಸಮಿತಿ ಆಮಂತ್ರಣ ಪತ್ರಿಕೆ ಅಂತಿಮ ತಿದ್ದುಪಡಿ ಅಂತ ಪೂರ್ತಿ ಬರೆದರೆ ಮಿತಿ ದಾಟಿಯೇ ಹೋಗುತ್ತದೆ. ನಿಮ್ಮಲ್ಲಿ ವಧೂವರರ ಹೆಸರು, ಊರು, ಕಲ್ಯಾಣ ಮಂಟಪ ಎಲ್ಲ ಫೋಲ್ಡರ್ ಹೆಸರಲ್ಲೇ ಇದ್ದರೆ ಮೊದಲೇ ಚಿಕ್ಕದು ಮಾಡಿಕೊಳ್ಳಿ.

ಪುತ್ತೂರು, ತೋಟದ ಮನೆಯಲ್ಲೇ ಕಚೇರಿ

ಗದಗದವರು ಹೇಳಿದ್ದಕ್ಕೆ ಕರೆಂಟಿನ ವಿಷಯ ಸೇರಿಸುತ್ತೇನೆ. ನಿಮಗೆ ಆಷಾಢದಲ್ಲಿ ಮದುವೆ ಇರುವುದಿಲ್ಲ, ಆಗಲೇ ಈ ಕೆಲಸ ಹಚ್ಚಿಕೊಳ್ಳುತ್ತೀರಿ. ಆದರೆ ನಮ್ಮ ಕಡೆ, ನಿಮ್ಮ ಮಲೆನಾಡಿನ ಕಡೆ, ಮರ ಬಿದ್ದು ಲೈನ್ ಹೋಗುವುದೂ ಅದೇ ಹೊತ್ತಿನಲ್ಲಿ. ರೀಬಿಲ್ಡ್ ನಡುವೆ ಕರೆಂಟ್ ಕೈಕೊಡಬಾರದು.

ಮನೆಯ ಇನ್ವರ್ಟರ್ ಇದ್ದರೆ ಸಾಕು ಅಂದುಕೊಂಡಿದ್ದೆ. ಅದು ಕರೆಂಟ್ ಕೊಡುತ್ತದೆ ನಿಜ, ಬ್ಯಾಟರಿ ಮುಗಿಯುತ್ತಾ ಬಂತು ಅಂತ ನ್ಯಾಸ್‌ಗೆ ಹೇಳುವುದಿಲ್ಲ. ಇನ್ವರ್ಟರ್‌ಗೆ ಬದಲಾಗುವ ಆ ಕ್ಷಣದಲ್ಲೇ ನಮ್ಮದು ಎರಡು ಬಾರಿ ರೀಸ್ಟಾರ್ಟ್ ಆಗಿದೆ. ಚಿಕ್ಕ ಯುಪಿಎಸ್ ಆದರೂ ಸರಿ, ಯುಎಸ್‌ಬಿ ಡೇಟಾ ಕೇಬಲ್ ಇರುವಂಥದ್ದನ್ನೇ ಕೇಳಿ ಪಡೆಯಿರಿ. ಆ ಕೇಬಲ್ ನ್ಯಾಸ್‌ಗೆ ಜೋಡಿಸಿ, ಕರೆಂಟ್ ಹೋಗಿ ಐದು ನಿಮಿಷಕ್ಕೆ ತಾನೇ ಶಾಂತವಾಗಿ ಆಫ್ ಆಗುವಂತೆ ಸೆಟ್ ಮಾಡಿ. ಕೊಂಡ ದಿನವೇ ಪ್ಲಗ್ ಕಿತ್ತು ಪರೀಕ್ಷಿಸಿ.

ಸಿಡಿಲಿನದು ಬೇರೆ. ಮನೆಯಿಂದ ಕಚೇರಿಗೆ ಅಂಗಳದ ಮೇಲೆ ಲ್ಯಾನ್ ವೈರ್ ಎಳೆದಿದ್ದೆ. ಏಪ್ರಿಲ್ ಸಂಜೆ ಒಂದು ಸಿಡಿಲಿಗೆ ಸ್ವಿಚ್, ನ್ಯಾಸ್‌ನ ಲ್ಯಾನ್ ಪೋರ್ಟ್ ಎರಡೂ ಸತ್ತವು. ಕರೆಂಟಿನ ಪ್ಲಗ್ ಕಿತ್ತಿಟ್ಟಿದ್ದೆ, ಲ್ಯಾನ್ ವೈರ್ ಕಿತ್ತಿರಲಿಲ್ಲ. ಡಿಸ್ಕ್‌ಗಳು ಬದುಕಿದವು. ಈಗ ಆ ದಾರಿಗೆ ಫೈಬರ್ ಹಾಕಿದ್ದೇನೆ. ಗಾಜಿನ ಎಳೆಯಲ್ಲಿ ಸಿಡಿಲಿನ ವಿದ್ಯುತ್ ಹರಿದು ಬರುವುದಿಲ್ಲ.

ಬೆಂಗಳೂರು, ಸಾಫ್ಟ್‌ವೇರ್ ಕೆಲಸ

ಪೆಟ್ಟಿಗೆಯ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಹಳೆಯದಕ್ಕೆ ಇನ್ನೂ ಭದ್ರತಾ ಅಪ್‌ಡೇಟ್ ಬರುತ್ತಿದೆಯಾ ನೋಡಿ. ಬರುತ್ತಿದ್ದರೆ 12 ಟಿಬಿಯ ಎರಡು ಡಿಸ್ಕ್ ಹಾಕಿ ಇನ್ನೆರಡು ವರ್ಷ ದೂಡಬಹುದು, ಉಳಿದ ದುಡ್ಡು ಬ್ಯಾಕಪ್‌ಗೆ ಹಾಕಿ. ಆ ಮಾದರಿಗೆ ಎಷ್ಟು ದೊಡ್ಡ ಡಿಸ್ಕ್ ಒಪ್ಪುತ್ತದೆ ಎಂದು ತಯಾರಕರ ಪಟ್ಟಿಯಲ್ಲಿ ಖಾತ್ರಿ ಮಾಡಿಕೊಳ್ಳಿ. ಅಪ್‌ಡೇಟ್ ನಿಂತಿದ್ದರೆ ಹೊಸದೇ ಸರಿ, ಆಗ ನಾಲ್ಕು ಬೇ ತಗೊಳ್ಳಿ. ಮೂರು ಡಿಸ್ಕ್‌ನಿಂದ ಶುರುಮಾಡಿ ನಾಲ್ಕನೆಯದನ್ನು ಮುಂದಿನ ಸೀಸನ್‌ಗೆ ಸೇರಿಸಬಹುದು. 8 ಟಿಬಿಯ ಮೂರು ರೇಡ್ 5ರಲ್ಲಿ 16 ಟಿಬಿ ಕೊಡುತ್ತವೆ, ಪರದೆಯ ಮೇಲೆ 14.5 ಅಂತ ಕಾಣುತ್ತದೆ.

ನ್ಯಾಸ್ ತಯಾರಿಸುವ ಸಿನಾಲಜಿ ಕಂಪನಿ 2025ರ ಪ್ಲಸ್ ಮಾದರಿಗಳಲ್ಲಿ ಮೊದಲು ತನ್ನ ಪಟ್ಟಿಯಲ್ಲಿಲ್ಲದ ಹಾರ್ಡ್ ಡಿಸ್ಕ್‌ಗಳನ್ನು ತಡೆದಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ತನ್ನ ನ್ಯಾಸ್ ತಂತ್ರಾಂಶ ಡಿಎಸ್‌ಎಂ 7.3 ಬಂದಾಗ ಸಡಿಲಿಸಿತು. ಹಳೆಯ ವಿಮರ್ಶೆ ಓದಿ ಗೊಂದಲ ಆಗದಿರಲಿ ಅಂತ ಹೇಳಿದೆ.

ಡಿಸ್ಕ್ ಕೊಳ್ಳುವಾಗ ಸಿಎಂಆರ್ (ಟ್ರ್ಯಾಕ್‌ಗಳು, ಅಂದರೆ ಡೇಟಾ ಬರೆಯುವ ಸಾಲುಗಳು, ಬೇರೆಬೇರೆಯಾಗಿರುವ ಬಗೆ) ಎಂದು ಸ್ಪಷ್ಟವಾಗಿ ಕೇಳಿ. ಎಸ್‌ಎಂಆರ್ ಡಿಸ್ಕ್‌ನಲ್ಲಿ ಟ್ರ್ಯಾಕ್‌ಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಒಂದನ್ನು ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕು. ರೀಬಿಲ್ಡ್ ವೇಳೆ ಇದು ತೆವಳುತ್ತದೆ. ನ್ಯಾಸ್‌ಗೆಂದೇ ಮಾರುವ ರೆಡ್ ಸಾಲಿನ ಕೆಲವು 2ರಿಂದ 6 ಟಿಬಿ ಡಿಸ್ಕ್‌ಗಳಲ್ಲಿ ಎಸ್‌ಎಂಆರ್ ಇದೆ ಎಂದು ವೆಸ್ಟರ್ನ್ ಡಿಜಿಟಲ್ 2020ರಲ್ಲಿ ಒಪ್ಪಿಕೊಂಡಿತು, ಆಮೇಲೆ ಸಿಎಂಆರ್ ಇರುವವಕ್ಕೆ ರೆಡ್ ಪ್ಲಸ್ ಎಂಬ ಹೆಸರು ಬಂತು.

ವೇಗ: ಮಾಮೂಲಿ ಗಿಗಾಬಿಟ್ ಲ್ಯಾನ್‌ನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ. 200 ಜಿಬಿಯ ಮದುವೆ ಇಳಿಸಲು ಅರ್ಧ ಗಂಟೆ. 2.5 ಗಿಗಾಬಿಟ್ ಪೋರ್ಟ್ ಇರುವ ಪೆಟ್ಟಿಗೆ ಕೊಂಡರೆ ಸ್ವಿಚ್, ಕಂಪ್ಯೂಟರ್ ಎರಡೂ ಅದೇ ವೇಗದ್ದಾಗಬೇಕು, ಒಂದು ಹಿಂದೆ ಬಿದ್ದರೂ ಲಾಭವಿಲ್ಲ. ವೈಫೈ ಮೇಲೆ ವಿಡಿಯೊ ಎಡಿಟ್ ಮಾಡಬೇಡಿ.

ನನ್ನದು ಹಳೆ ಪಿಸಿಗೆ ಟ್ರೂನ್ಯಾಸ್ ಎಂಬ ನ್ಯಾಸ್ ತಂತ್ರಾಂಶ ಹಾಕಿ ಕಟ್ಟಿಕೊಂಡದ್ದು, ತುಂಬ ಇಷ್ಟ. ಆದರೆ ಏನಾದರೂ ಕೆಟ್ಟರೆ ನಾನೇ ಕೂರುತ್ತೇನೆ. ಮಂಟಪದಲ್ಲಿ ಧಾರೆ ನಡೆಯುವಾಗ ಸರಿಮಾಡಲು ನಿಮ್ಮಿಬ್ಬರಿಗೆ ಪುರುಸೊತ್ತಿರುವುದಿಲ್ಲ, ಸಿದ್ಧ ಪೆಟ್ಟಿಗೆಯೇ ಒಳ್ಳೆಯದು.

ದಯವಿಟ್ಟು ರೌಟರ್‌ನಲ್ಲಿ ಪೋರ್ಟ್ ತೆರೆದು ನ್ಯಾಸ್‌ನ್ನು ನೇರ ಇಂಟರ್ನೆಟ್‌ಗೆ ಒಡ್ಡಬೇಡಿ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ರಾನ್ಸಮ್‌ವೇರ್ (ಫೈಲ್ ಬಿಡಿಸಲು ಹಣ ಕೇಳುವ ಕುತಂತ್ರಾಂಶ) ಹಾಗೆ ತೆರೆದಿಟ್ಟ ಕ್ಯೂನ್ಯಾಪ್ ಕಂಪನಿಯ ನ್ಯಾಸ್ ಪೆಟ್ಟಿಗೆಗಳಿಗೆ ನುಗ್ಗಿ ಫೈಲ್‌ಗಳಿಗೆಲ್ಲ ಬೀಗ ಹಾಕಿತ್ತು. ರೇಡ್ 1ರ ಮಿರರ್ ಇದ್ದರೆ ಬೀಗ ಬಿದ್ದ ಫೈಲ್ ಎರಡೂ ಡಿಸ್ಕ್‌ಗೆ ಒಟ್ಟಿಗೇ ಹೋಗುತ್ತದೆ. ಹೊರಗಿಂದ ಬೇಕಿದ್ದರೆ ಟೈಲ್‌ಸ್ಕೇಲ್‌ನಂಥ ವಿಪಿಎನ್ (ನಿಮ್ಮ ಸಾಧನಗಳಿಗಷ್ಟೇ ತೆರೆಯುವ ಖಾಸಗಿ ಸಂಪರ್ಕ) ಬಳಸಿ.

ಶಿವಮೊಗ್ಗ, ಮದುವೆ ಫೋಟೋ ಸ್ಟುಡಿಯೊ

ಎಲ್ಲರಿಗೂ ಕೃತಜ್ಞತೆ. ಯುಎಸ್‌ಬಿ ಡಿಸ್ಕ್ ತಂದು ನಿನ್ನೆ ಮಧ್ಯಾಹ್ನ ಕಾಪಿ ಹಚ್ಚಿದೆ, ಇವತ್ತು ಬೆಳಿಗ್ಗೆ ಮುಗಿಯಿತು. ಹತ್ತು ಮದುವೆಯ ಫೋಲ್ಡರ್ ಬೇರೆ ಲ್ಯಾಪ್‌ಟಾಪ್‌ನಲ್ಲಿ ತೆರೆದು ನೋಡಿದೆವು, ಸರಿಯಾಗಿವೆ. ಆಮೇಲೆ ಸ್ಮಾರ್ಟ್ ಪರೀಕ್ಷೆ ಓಡಿಸಿದರೆ ಎರಡನೇ ಬೇಯ ಡಿಸ್ಕ್‌ನಲ್ಲಿ ಓದಲಾಗದ ಸೆಕ್ಟರ್ 8 ಎಂದು ಬಂತು. ನಾನು ಮೊದಲನೆಯದನ್ನು ತೆಗೆಯಬೇಕೆಂದಿದ್ದೆ. ಯುಎಸ್‌ಬಿ ಡಿಸ್ಕ್ ತಮ್ಮ ಮನೆಗೆ ಒಯ್ದಿದ್ದಾನೆ. ಪೆಟ್ಟಿಗೆಗೆ ಅಪ್‌ಡೇಟ್ ಇನ್ನೂ ಬರುತ್ತಿದೆ, ಹಾಗಾಗಿ ಹಳೆಯದರಲ್ಲೇ ಮುಂದುವರಿಯುತ್ತೇವೆ. ಯುಪಿಎಸ್ ಬಂದ ಮೇಲೆ ಎರಡನೇ ಬೇಯಿಂದ ಶುರುಮಾಡುತ್ತೇನೆ.