ಅರ್ಧ ಡಬ್ಬಿ ಕ್ರೀಮ್ ಚೀಸ್ ಉಳಿದಿದೆ, ಮಗಳಿಗೆ ದಿನಾ ಕೊಡಬಹುದಾ? ನೀವೆಲ್ಲ ಏನು ಮಾಡ್ತೀರಿ?

ವಾಕಡ್, ಪುಣೆ:
ಮಗಳ ಬರ್ತ್‌ಡೇಗೆ ಚೀಸ್‌ಕೇಕ್ ಮಾಡೋಣ ಅಂತ ಎರಡು ಡಬ್ಬಿ ತರಿಸಿದ್ದೆ, ಒಂದೂವರೆ ಖರ್ಚಾಯ್ತು, ಇನ್ನರ್ಧ ಫ್ರಿಜ್ಜಲ್ಲಿ ಕೂತಿದೆ. ಅವಳಿಗೆ ಐದು ವರ್ಷ, ಊಟ ಕಮ್ಮಿ, ತುಂಬಾ ಸಣ್ಣಗಿದ್ದಾಳೆ. ಪಕ್ಕದ ಫ್ಲ್ಯಾಟಿನವರು ಚೀಸ್ ಅಂದ್ರೆ ಪ್ರೋಟೀನ್ ತಾನೆ, ಪನ್ನೀರ್ ಬದಲು ಇದನ್ನೇ ಚಪಾತಿಗೆ ಸವರಿ ಡಬ್ಬಿಗೆ ಹಾಕಿ ಅಂದ್ರು. ಇನ್ನು ನಮ್ಮತ್ತೆ, ಕೊಲೆಸ್ಟ್ರಾಲ್ ಮಾತ್ರೆ ತಗೊಳ್ಳೋರು, ಒಂದ್ಸಲ ರುಚಿ ನೋಡಿದ್ದೇ ತಡ ದಿನಾ ಬ್ರೆಡ್ಡಿಗೆ ಕೇಳ್ತಿದ್ದಾರೆ. ಇದು ಒಳ್ಳೇದಾ ಕೆಟ್ಟದ್ದಾ, ಉಳಿದಿದ್ದನ್ನ ಏನು ಮಾಡಲಿ, ಅನುಭವ ಇದ್ದೋರು ಹೇಳಿ ಪ್ಲೀಸ್.

ಡೊಂಬಿವಿಲಿ:
ಪನ್ನೀರ್ ಬದಲಿಗೆ ಅಂತೂ ಬೇಡ ಮಾರಾಯ್ರೆ. ಹೆಸರಲ್ಲಿ ಚೀಸ್ ಉಂಟು ಅಷ್ಟೇ, ಗುಣದಲ್ಲಿ ಇದು ಬೆಣ್ಣೆಯ ತಂಗಿ. ನಾನೂ ಮೊದಲು ನಿಮ್ಮ ಪಕ್ಕದವರ ಹಾಗೇ ಅಂದ್ಕೊಂಡಿದ್ದೆ, ಆಮೇಲೆ ನನಗೆ ಶುಗರ್ ಬಂತು, ಡಯೆಟಿಶಿಯನ್ ಹತ್ರ ಹೋದಾಗ ಅವರು ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದ್ಲಿಕ್ಕೆ ಕಲಿಸಿದ್ರು, ಅಲ್ಲಿಂದ ಕಣ್ಣು ಬಿಟ್ಟಿತು. 100 ಗ್ರಾಂ ಕ್ರೀಮ್ ಚೀಸಲ್ಲಿ ಹೆಚ್ಚುಕಮ್ಮಿ 350 ಕ್ಯಾಲೊರಿ, ಕೊಬ್ಬೇ 34 ಗ್ರಾಂ, ಪ್ರೋಟೀನ್ ಬರೀ 6 ಗ್ರಾಂ. ಅಷ್ಟೇ ಪನ್ನೀರಲ್ಲಿ ಪ್ರೋಟೀನ್ 18ರ ಆಸುಪಾಸು ಬರ್ತದೆ. ಚಪಾತಿಗೆ ಧಾರಾಳವಾಗಿ ಎರಡು ಚಮಚ, ಅಂದ್ರೆ 30 ಗ್ರಾಂ ಸವರಿದ್ರಿ ಅಂತಿಟ್ಕೊಳ್ಳಿ, ನೂರು ಕ್ಯಾಲೊರಿ ಹೋಯ್ತು, ಸಿಕ್ಕಿದ ಪ್ರೋಟೀನ್ 2 ಗ್ರಾಂ ಮುಟ್ಟುವುದಿಲ್ಲ. ಕ್ಯಾಲ್ಸಿಯಂ 30 ಮಿಲಿಗ್ರಾಂ, ಒಂದು ಲೋಟ ಹಾಲಲ್ಲಿ ಅದರ ಏಳೆಂಟು ಪಟ್ಟು ಉಂಟು. ಹಾಲಿಗೆ ಮತ್ತೆ ಕ್ರೀಮ್ ಸೇರಿಸಿ ಹೆಪ್ಪು ಹಾಕಿ ನೀರು ತೆಗೆದದ್ದು, ಅಮೆರಿಕದ ಕಾನೂನಲ್ಲಿ 33% ಹಾಲಿನ ಕೊಬ್ಬು ಇದ್ರೇ ಆ ಹೆಸರು ಹಾಕ್ಲಿಕ್ಕೆ ಬಿಡುವುದು, ಹಾಗಾಗಿ ಇನ್ನೆಲ್ಲಿಂದ ಪ್ರೋಟೀನ್ ಬರ್ಬೇಕು ಹೇಳಿ.

ಮಗುವಿಗೆ ಒಂದು ಚಮಚ ಕೊಟ್ರೆ ತಪ್ಪಿಲ್ಲ, ಸಣ್ಣಗಿರುವ ಮಕ್ಕಳಿಗೆ ಕೊಬ್ಬೂ ಬೇಕು, ಆದ್ರೆ ಅದರಲ್ಲೇ ಹೊಟ್ಟೆ ತುಂಬಿ ಬೇಳೆ, ಹಾಲು, ಮೊಟ್ಟೆ ಬಿಟ್ಟುಹೋಗ್ಬಾರ್ದು. ತೂಕ ಏರುವುದೇ ಇಲ್ಲ ಅಂದ್ರೆ ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ. ಅತ್ತೆಯವರ ವಿಷಯ ಬೇರೆ. ಆ 30 ಗ್ರಾಮಲ್ಲಿ ಸ್ಯಾಚುರೇಟೆಡ್ ಕೊಬ್ಬು, ಅಂದ್ರೆ ಕೊಲೆಸ್ಟ್ರಾಲ್ ಏರಿಸುವ ಕೊಬ್ಬು, 6 ಗ್ರಾಂ, ದಿನಕ್ಕೆ 1,600 ಕ್ಯಾಲೊರಿ ತಿನ್ನುವವರಿಗೆ ಅದರ ಮಿತಿಯೇ 18 ಗ್ರಾಂ, ಮೂರನೇ ಒಂದು ಪಾಲು ಬೆಳಗ್ಗೆ ಬ್ರೆಡ್ಡಲ್ಲೇ ಮುಗೀತದೆ, ಮತ್ತೆ ಅವರು ಸಾರಿಗೆ ತುಪ್ಪ ಬಿಡ್ತಾರಾ ಇಲ್ವಾ? ತುಪ್ಪ ಬೆಣ್ಣೆ ತಿನ್ನದ ದಿನ ಒಂದು ಚಮಚ ಅಂತ ಒಪ್ಪಂದ ಮಾಡ್ಕೊಳ್ಳಿ. ನಮ್ಮಮ್ಮನ ಜೊತೆ ನಾನು ಮಾಡ್ಕೊಂಡದ್ದು ಹಾಗೇ, ಪಾಲಿಸ್ತಾರೆ ಅಂತ ಗ್ಯಾರಂಟಿ ಇಲ್ಲ.

ಕೋಥ್ರೂಡ್, ಪುಣೆ:
ಮೊದ್ಲ ನನ್ನ ಫಜೀತಿ ಕೇಳ್ರಿ. ಮೊದಲನೇ ಸಲ ಚೀಸ್‌ಕೇಕ್ ಮಾಡಾಕ ಹೋಗಿ ಅವಸರದಾಗ ಕ್ರೀಮ್ ಚೀಸ್ ಬದ್ಲಿ ಚೀಸ್ ಸ್ಪ್ರೆಡ್ ತಂದಿದ್ದೆ, ಡಬ್ಬಿ ನೋಡಾಕ ಎರಡೂ ಒಂದ ಥರ, ಸಕ್ಕರಿ ಹಾಕಿದ್ರೂ ಉಪ್ಪುಪ್ಪು, ಬಂದ ಮಂದಿ ಮಾರಿ ಮಾರಿ ನೋಡಿಕೊಂತ ತಿಂದ್ರು. ಸ್ಪ್ರೆಡ್ ಅಂದ್ರ ಪ್ರೊಸೆಸ್ಡ್ ಚೀಸ್ ರೀ, ಅದರಾಗ ಉಪ್ಪು ಭಾಳ.

ನೀವು ಪುಣೆದಾಗ ಇದ್ದೀರಿ, ನನ್ನ ಕೇಳಿದ್ರ ಚಕ್ಕಾ (ನೀರು ಬಸಿದ ಗಟ್ಟಿ ಮೊಸರು) ಇರೂವಾಗ ದಿನದ ತಿನ್ನಾಕ ಕ್ರೀಮ್ ಚೀಸ್ ಯಾಕ ಬೇಕ? ಶ್ರೀಖಂಡಕ್ಕ ತಗೋತಾರಲ್ಲ ಅದ, ಯಾವ ಡೇರಿಯಾಗೂ ಸಿಗತೈತಿ. ಇಲ್ಲಾಂದ್ರ ಅರ್ಧ ಕಿಲೋ ಮೊಸರು ರಾತ್ರಿ ಬಟ್ಟ್ಯಾಗ ಕಟ್ಟಿ ಫ್ರಿಜ್ಜಿನಾಗ ಜಾಳಗಿ ಮ್ಯಾಲೆ ಇಟ್ಟುಬಿಡ್ರಿ. ಕೊಬ್ಬು ಕಡಿಮಿ, ಪ್ರೋಟೀನ್ ಜಾಸ್ತಿ, ರೊಕ್ಕಾನೂ ಉಳೀತೈತಿ. ಅದಕ್ಕ ಶೇಂಗಾ ಚಟ್ನಿ ಪುಡಿ ಕಲಸಿ ರೊಟ್ಟಿಗೆ ಸವರಿ ಸುರುಳಿ ಸುತ್ತಿ ಕೊಟ್ರ ನನ್ನ ಮಗ ಡಬ್ಬಿ ಖಾಲಿ ಮಾಡಿ ತರ್ತಾನ. ನಿಮ್ಮ ಉಳಿದ ಅರ್ಧ ಡಬ್ಬಿಗೂ ಇದ ಮಾಡ್ರಿ, ಪುಡಿ ಎರಡು ಪಾಲು, ಚೀಸ್ ಒಂದು ಪಾಲು. ಬೆಳ್ಳುಳ್ಳಿ ಹೆಚ್ಚಿಗಿ ಇರೋ ಪುಡಿ ಇದ್ರ ಇನ್ನೂ ಚಲೋ. ಆದ್ರ ಒಂದು ಮಾತು, ಬೇಯಿಸೋ ಚೀಸ್‌ಕೇಕಿಗೆ ಬರೀ ಚಕ್ಕಾ ಹಾಕಿದ್ರ ಹುಳಿ ಆಗಿ ನೀರು ಬಿಡತೈತಿ, ಅರ್ಧಕ್ಕರ್ಧ ಹಾಕಿ ಒಂದು ಚಮಚ ಕಾರ್ನ್‌ಫ್ಲೋರ್ ಸೇರಿಸ್ರಿ.

ಠಾಣೆ:
ಮನೇಲೇ ಕೇಕ್ ಮಾಡಿ ಮಾರ್ತೀನಿ, ಅದಕ್ಕೆ ಎರಡೇ ಮಾತು. ಫ್ರಾಸ್ಟಿಂಗ್ ಮಾಡೋದಾದ್ರೆ ಬೆಣ್ಣೆ, ಪುಡಿ ಸಕ್ಕರೆ ಮೊದಲು ಚೆನ್ನಾಗಿ ಬೀಟ್ ಮಾಡ್ಕೊಂಡು ಚೀಸನ್ನ ಕೊನೇಲಿ ತಣ್ಣಗಿರೋದೇ ಹಾಕಿ ಹದ ಕೂಡಿದ ತಕ್ಷಣ ನಿಲ್ಲಿಸಿ, ಜಾಸ್ತಿ ಹೊಡೆದ್ರೆ ಮಳೆಗಾಲದಲ್ಲಿ ಸೀದಾ ಪಾಯಸ. ಚೀಸ್‌ಕೇಕಿಗೆ ಉಲ್ಟಾ, ಅರ್ಧ ಗಂಟೆ ಹೊರಗಿಟ್ಟು ಮೆತ್ತಗಾದ್ಮೇಲೆನೇ ಕಲಸಬೇಕು, ಇಲ್ಲಾಂದ್ರೆ ಗಂಟು. ಮತ್ತೆ ಸಸ್ಯಾಹಾರಿಗಳು ಹೊರಗಿನ ಬೇಯಿಸದ ಚೀಸ್‌ಕೇಕ್ ತಗೊಳ್ಳೋ ಮುಂಚೆ ಜೆಲಾಟಿನ್ ಹಾಕಿದ್ದೀರಾ ಅಂತ ಕೇಳಿ, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡೋದು, ಮೊಟ್ಟೆ ಇಲ್ಲ ಅಂತಾರೆ, ಇದನ್ನ ಮಾತ್ರ ಹೇಳೋದೇ ಇಲ್ಲ. ನಾನು ಚೈನಾ ಗ್ರಾಸ್ ಹಾಕ್ತೀನಿ.

ವಾಸ್ಕೋ, ಗೋವಾ:
ಫ್ರೀಜರಿಗೆ ಮಾತ್ರ ಹಾಕ್ಬೇಡಿ, ನಾನು ಹಾಕಿ ಕೆಟ್ಟೆ. ಹೊರಗೆ ತೆಗೆದ್ರೆ ನೀರು ಒಂದು ಕಡೆ, ರವೆ ರವೆ ಥರ ಚೀಸ್ ಒಂದು ಕಡೆ. ಹಾಳಾಗಿರಲಿಲ್ಲ ಅನ್ನಿ, ಸವರೋಕೆ ಬರ್ತಿರಲಿಲ್ಲ ಅಷ್ಟೇ, ಕೊನೆಗೆ ಪಾಲಕ್ ಗ್ರೇವಿಗೆ ಹೋಯ್ತು. ಅಲ್ಲಿ ಗೊತ್ತಾಗಿದ್ದು, ಗ್ರೇವಿಗೆ ಇದು ಫ್ರೆಶ್ ಕ್ರೀಮಿಗಿಂತ ಚೆನ್ನಾಗಿ ಕೂಡ್ಕೊಳ್ಳುತ್ತೆ, ಒಲೆ ಆರಿಸಿ, ಎರಡು ಚಮಚ ಚೀಸನ್ನ ಬಿಸಿ ಹಾಲಲ್ಲಿ ಕರಗಿಸಿ ಹಾಕಿ, ಉಪ್ಪು ಆಮೇಲೆ ನೋಡ್ಕೊಂಡು. ಇಲ್ಲಿ ಬೆಳಗ್ಗೆ ಪೊದೇರ್, ಅಂದ್ರೆ ಬ್ರೆಡ್ ಮಾರೋನು, ಸೈಕಲ್ ಹಾರ್ನ್ ಹೊಡ್ಕೊಂಡು ಬರ್ತಾನೆ, ಬಿಸಿ ಪೊಯ್ (ಗೋವಾದ ದುಂಡಗಿನ ಬ್ರೆಡ್) ತಗೊಂಡು ಬಾಯಿ ಸೀಳಿದ್ರೆ ಒಳಗೆ ಟೊಳ್ಳು ಇರುತ್ತಲ್ಲ, ಅದ್ರೊಳಗೆ ತೆಳ್ಳಗೆ ಕ್ರೀಮ್ ಚೀಸ್, ಹಸಿಮೆಣಸು ಪುದೀನ ಚಟ್ನಿ, ನಾಲ್ಕು ಸೌತೆಕಾಯಿ ಬಿಲ್ಲೆ. ಬಿಸಿಗೆ ಚೀಸ್ ಅಂಚಲ್ಲಿ ಕರಗಿ ಚಟ್ನಿ ಜೊತೆ ಬೆರೆತು ತಿಳಿ ಹಸಿರಾಗಿ ಬೆರಳ ಮೇಲೆ ಇಳಿಯುತ್ತೆ, ಅದನ್ನ ನೆಕ್ಕದೆ ಆಫೀಸಿಗೆ ಹೋದ ದಿನವೇ ಇಲ್ಲ.

ಅಂದ ಹಾಗೆ ಡಬ್ಬಿ ತೆರೆದು ಎಷ್ಟು ದಿನ ಆಯ್ತು? ವಾರ, ಹತ್ತು ದಿನಕ್ಕಿಂತ ಜಾಸ್ತಿ ಇಡಬೇಡಿ, ಒದ್ದೆ ಚಮಚ ಹಾಕ್ಬೇಡಿ, ಬೂಷ್ಟು ಕಂಡ್ರೆ ಮೇಲಿಂದ ಕೆರೆದು ತಿನ್ನೋ ಚೀಸ್ ಅಲ್ಲ ಇದು, ಪೂರ್ತಿ ಎಸೀರಿ.

ವಾಕಡ್, ಪುಣೆ:
ಎಲ್ಲರಿಗೂ ಥ್ಯಾಂಕ್ಸ್. ತೆರೆದು ಆರು ದಿನ ಆಗಿದೆ. ಶೇಂಗಾ ಪುಡಿ ಕಲಸಿ ಕೊಟ್ಟೆ, ಮಗಳು ಅರ್ಧ ಬಿಟ್ಟಳು, ಅತ್ತೆ ಅದನ್ನೂ ತಿಂದು ಮುಗಿಸಿದ್ರು 😀 ಉಳಿದಿದ್ದು ಇವತ್ತು ರಾತ್ರಿ ಗ್ರೇವಿಗೆ. ನಾಳೆಯಿಂದ ಮೊಸರು ಕಟ್ತೀನಿ, ಹಳೇ ಪಂಚೆ ತುಂಡು ನಡೆಯುತ್ತಾ?

ಕೋಥ್ರೂಡ್, ಪುಣೆ:
ನಡೀತೈತ್ರಿ. ಸೋಪಿನ ವಾಸನಿ ಇರಬಾರದು ನೋಡ್ರಿ, ಕುದಿಯೋ ನೀರಾಗ ಒಂದ್ಸಲ ಎದ್ದಿ ಹಿಂಡಿ ಕಟ್ರಿ.